ಸಂಕ್ರಮಣದ ಕಾರ್ಡು

ನಮ್ಮ ಹಬ್ಬಗಳಲ್ಲಿ ಒಂದೊಂದಕ್ಕೂ ಅದರದೇ ಆದ ಒಂದು ಬೇಡಿಕೆ ಉಂಟು. ಬೇವನ್ನೂ ಬೆಲ್ಲವನ್ನೂ ಒಂದೇ ಮುಖದಿಂದ ಸ್ವೀಕರಿಸೆಂದು ಯುಗಾದಿ ಕೇಳುತ್ತದೆ. ಬನ್ನಿಯ ಎಲೆಯನ್ನು ಬಂಗಾರವೆಂದು ಬಗೆಯಲು ದಸರೆ ಕೇಳುತ್ತದೆ. ಸಂಕ್ರಮಣವು ಕೇಳುವುದು ಮಾತನ್ನು. ಎಳ್ಳು-ಬೆಲ್ಲವನ್ನೋ ಕುಸುರೆಳ್ಳನ್ನೋ ಅಂಗೈಯಲ್ಲಿಟ್ಟು, 'ಇದನ್ನು ತಗೊಂಡು ಒಳ್ಳೊಳ್ಳೆ ಮಾತಾಡೋಣ' ಎನ್ನುವುದೇ ಆ ಹಬ್ಬದ ತಿರುಳು. ವಿಜಯಪುರ ಜಿಲ್ಲೆಯ ನಿಡಗುಂದಿಯಂಥ ಊರುಗಳಲ್ಲಿ ಅಂದು ಕಿರಿಯರು ಮನೆಮನೆಗೆ ಹೋಗಿ ಹಿರಿಯರ ಕೈಗೆ ಕುಸುರೆಳ್ಳು ಕೊಟ್ಟು ಕಾಲಿಗೆರಗುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರು ಸಹ ಅಂದು ಅಂಗೈ ಚಾಚಬಹುದು. ಚಾಚಿದ ಅಂಗೈಗೆ ಇಲ್ಲವೆನ್ನಬಾರದೆಂಬುದು ಬರೆಯದ ಕಟ್ಟಳೆ.

ಆದರೆ ಅಂಗೈಗೆ ಅಂಗೈ ಎಟುಕದಷ್ಟು ದೂರದಲ್ಲಿರುವವರ ಗತಿಯೇನು? ಕೂಲಿಗೆಂದು ಗೋವೆಗೋ ಮುಂಬಯಿಗೋ ಹೋದ ಅಣ್ಣ, ಕೊಟ್ಟ ಮನೆಗೆ ಹೋದ ಅಕ್ಕ, ಬೇರೆ ಊರಿಗೆ ವರ್ಗವಾಗಿ ಹೋದ ಗುರುಗಳು, ಇವರ ಕೈಗೆ ಎಳ್ಳು ಇಡುವವರಾರು? ಈ ಪ್ರಶ್ನೆಗೆ ನಮ್ಮ ಭಾಗದವರು ಕಂಡುಕೊಂಡ ಉತ್ತರವೇ ಸಂಕ್ರಮಣದ ಕಾರ್ಡು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಉತ್ತರ ಕರ್ನಾಟಕದ ಶಾಲೆಗಳಲ್ಲಿ ಓದಿದವರು ಇದನ್ನು ಮರೆತಿರಲಾರರು. ಜನವರಿ ಬಂದಿತೆಂದರೆ ಪೇಟೆಯ ಅಂಗಡಿಗಳ ಮುಂದೆ ದಾರಕ್ಕೆ ತೂಗುಬಿಟ್ಟ ಕಾರ್ಡುಗಳ ಸಾಲು. ಅವುಗಳ ಮೇಲೆ ಗುಲಾಬಿ, ಹಸುಗೂಸು, ಚಿತ್ರನಟರ ಮುಖ. ಕೊಳ್ಳಲು ಕಾಸಿಲ್ಲದವರು, ಅಥವಾ ಕಾಸಿದ್ದರೂ ಕೈ ಸುಮ್ಮನಿರದವರು, ತಮ್ಮ ಕಾರ್ಡನ್ನು ತಾವೇ ಮಾಡುತ್ತಿದ್ದರು. ಈ ಎರಡನೆಯ ಬಗೆಯ ಕಾರ್ಡನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಈ ಲೇಖನದ ಉದ್ದೇಶ.

ಶುಭಾಶಯದ ಕಾರ್ಡು ಹುಟ್ಟಿನಿಂದ ನಮ್ಮದಲ್ಲವೆಂಬುದು ನಿಜ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ತನ್ನ ಮಿತ್ರವರ್ಗಕ್ಕೆಲ್ಲ ಕ್ರಿಸ್‌ಮಸ್ಸಿನ ಪತ್ರ ಬರೆಯಲು ವೇಳೆ ಸಾಲದೆ, ಚಿತ್ರಕಾರನಾದ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಯಿಸಿ ಅಚ್ಚು ಹಾಕಿಸಿದನು. ಅಚ್ಚಿನ ಕಾರ್ಡಿನ ಮೂಲ ಹೀಗೆ ವೇಳೆಯ ಅಭಾವದಲ್ಲಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಇದರಿಂದ ಪ್ರಯೋಜನವುಂಟು. ನಮ್ಮ ದೇಶದಲ್ಲಿ 1854ರಲ್ಲಿ ಊರು ಎಷ್ಟೇ ದೂರವಿರಲಿ ಕಾಗದಕ್ಕೆ ಅರ್ಧಾಣೆ ಎಂಬ ಒಂದೇ ದರವಾಯಿತು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದಿತು. ಬಡವನ ಮಾತೂ ದೂರ ಹೋಗಲು ಅಲ್ಲಿಂದ ದಾರಿಯಾಯಿತು. ಹೊರಗಿನಿಂದ ಬಂದ ಕಾರ್ಡು ನಮ್ಮಲ್ಲಿ ಹೊಸ ವರ್ಷಕ್ಕೂ ನಿಂತಿತು, ದೀಪಾವಳಿಗೂ ನಿಂತಿತು. ಆದರೆ ಹಳ್ಳಿಯ ಶಾಲೆಯ ಮಕ್ಕಳ ಕೈಯಲ್ಲಿ ಅದು ನೆಲೆಗೊಂಡದ್ದು ಸಂಕ್ರಮಣದಲ್ಲಿ. ಅದು ಸಹಜವೂ ಹೌದು. ಮಾತಿನ ಹಬ್ಬಕ್ಕಲ್ಲದೆ ಬೇರಾವ ಹಬ್ಬಕ್ಕೆ ಬರೆಹ ಬೇಕು? 1956ರ ಏಕೀಕರಣದವರೆಗೆ ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಿತು. 'ತಿಳಗೂಳ' ಕೊಟ್ಟು ಸವಿಯಾಗಿ ಮಾತಾಡೆನ್ನುವ ಮರಾಠಿಗರ ನೆರೆಯೂ ಈ ರೂಢಿಗೆ ಇಂಬು ಕೊಟ್ಟಿರಬೇಕು.

ಕಾರ್ಡು ಹೊರಗಿನದಾದರೂ ಕಾಗದವನ್ನು ಸಿಂಗರಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಆದಿಲ್‌ಶಾಹಿಗಳ ಕಾಲದ ವಿಜಾಪುರದಲ್ಲಿ 'ಅಬ್ರಿ' ಎಂಬ ಬಣ್ಣದ ಕಾಗದದ ಕೆಲಸ ಎತ್ತರಕ್ಕೇರಿದ್ದಿತು. ಪಾರಸಿಯಲ್ಲಿ 'ಅಬ್ರ್' ಎಂದರೆ ಮೋಡ. ಲೋಳೆಯುಳ್ಳ ನೀರಿನ ಮೇಲೆ ಬಣ್ಣಗಳನ್ನು ತೇಲಿಸಿ, ಕಡ್ಡಿಯಿಂದಲೋ ಬಾಚಣಿಗೆಯಂಥ ಸಾಧನದಿಂದಲೋ ಅಲೆಯೆಬ್ಬಿಸಿ, ಹಾಳೆಯನ್ನು ಮೆಲ್ಲನೆ ಮೇಲಿರಿಸಿ ಎತ್ತಿದರೆ ಮೋಡದಂಥ ಚಿತ್ತಾರ ಹಾಳೆಗೆ ಅಂಟಿ ಬರುತ್ತದೆ. ಬೇರೆ ದೇಶದವರು ಇದನ್ನು ಹೆಚ್ಚಾಗಿ ಗ್ರಂಥದ ಅಂಚಿಗೂ ರಟ್ಟಿಗೂ ಬಳಸಿದರೆ, ವಿಜಾಪುರದ ಕಲಾವಿದರು ಹಾಳೆಯ ಕೆಲವು ಭಾಗವನ್ನು ಮುಚ್ಚಿಟ್ಟು, ಉಳಿದ ಭಾಗಕ್ಕೆ ಮಾತ್ರ ಬಣ್ಣ ಹಿಡಿಸಿ ಕುದುರೆ, ಸವಾರರ ಆಕೃತಿಗಳನ್ನೇ ಮೂಡಿಸಿದರು. ಎಲುಬು ಎದ್ದ ಕುದುರೆಯ ಅಂಥ ಒಂದು ಚಿತ್ರ, 1625ರ ಸುಮಾರಿನದೆಂದು ಗುರುತಿಸಲಾದುದು, ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂದ್ರವಾಗಿ ಕಲ್ಲಿನಲ್ಲಿ ಕೊರೆದವರೂ ಆ ಕಾಲದವರೇ. ಮಡಿಸಿದ ಬಣ್ಣದ ಹಾಳೆಗೆ ಕತ್ತರಿಯಾಡಿಸಿ ಜಾಲರಿ ತೆಗೆಯುವ ಇಂದಿನ ಬಾಲಕಿಗೆ ಇದಾವುದೂ ಗೊತ್ತಿರಬೇಕೆಂದಿಲ್ಲ. ಗೊತ್ತಾದರೆ ಅವಳ ಕತ್ತರಿಗೆ ಒಂದು ಘನತೆ ಬಂದೀತು.

ಇನ್ನು ಕಾರ್ಡು ಮಾಡುವ ಬಗೆ. ಹೇಳಿದರೆ ಸುಲಭವೆನಿಸುವ ಈ ಕೆಲಸದಲ್ಲಿ ಕೆಲವು ಸೂಕ್ಷ್ಮಗಳುಂಟು.

ಮೊದಲನೆಯದು ಹಾಳೆ. ನೋಟುಬುಕ್ಕಿನ ಹಾಳೆ ಅಂಟಿನ ತೇವಕ್ಕೆ ಸುಕ್ಕಾಗುತ್ತದೆ. ರಟ್ಟು ಮಡಿಕೆಯಲ್ಲಿ ಸೀಳುತ್ತದೆ. ಚದರ ಮೀಟರಿಗೆ 200ರಿಂದ 250 ಗ್ರಾಂ ತೂಗುವ ದಪ್ಪ ಡ್ರಾಯಿಂಗ್ ಹಾಳೆ ಇದಕ್ಕೆ ತಕ್ಕದ್ದು. ಯಂತ್ರದಲ್ಲಿ ತಯಾರಾದ ಹಾಳೆಯ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಗೆ ಹಗುರವಾಗಿ ಬಾಗಿಸಿ ನೋಡಬೇಕು. ಯಾವ ಕಡೆ ಅದು ತಕರಾರಿಲ್ಲದೆ ಬಾಗುವುದೋ ಆ ಕಡೆಗೇ ಮಡಿಕೆ ಬರಬೇಕು. ಅಡ್ಡಮಡಿಸಿದರೆ ಬೆನ್ನು ಬಿರಿದು ಹಾಳೆಯ ಎಳೆಗಳು ಹೊರಬೀಳುತ್ತವೆ. ಮಡಿಸುವ ಮೊದಲು ಶಾಯಿ ತೀರಿದ ಬಾಲ್‌ಪೆನ್ನಿನಿಂದ ಫೂಟುಪಟ್ಟಿಯ ಗುಂಟ ಒಂದು ಗೆರೆಯನ್ನು ಒತ್ತಿ ಎಳೆದುಕೊಳ್ಳಬೇಕು. ಮಡಿಸಿದ ಮೇಲೆ ಚಮಚದ ಬೆನ್ನಿನಿಂದ ತೀಡಿದರೆ ಅಂಚು ಚೂಪಾಗಿ ನಿಲ್ಲುತ್ತದೆ.

ಎರಡನೆಯದು ಸಿಂಗಾರ. ಈಗ ಪೇಟೆಯಲ್ಲಿ ಕತ್ತರಿಸಿಟ್ಟ ಹೂವು, ಹಿಂಬದಿಗೆ ಅಂಟು ಬಳಿದ ಮುತ್ತು, ಹೊಳೆಯುವ ಪಟ್ಟಿ, ಅಂಚನ್ನು ಕಸೂತಿಯಂತೆ ಕೊರೆಯುವ ಪಂಚು ಎಲ್ಲವೂ ದೊರೆಯುತ್ತವೆ. ಅವುಗಳನ್ನು ಬಳಸುವುದು ತಪ್ಪಲ್ಲ. ಆದರೆ ಕಾರ್ಡಿನಲ್ಲಿ ಒಂದಾದರೂ ವಸ್ತು ಕಳಿಸುವವರ ಅಂಗಳದ್ದಿರಲಿ ಎಂದು ನನ್ನ ಸೂಚನೆ. ಬಿಳಿಜೋಳದ ಸೀಮೆ ನಮ್ಮದು. ಜೋಳದ ದಂಟಿನ ಹೊರಸಿಪ್ಪೆಯನ್ನು ನೆನೆಯಿಟ್ಟು ಸೀಳಿ, ಚಪ್ಪಟೆ ಮಾಡಿ ಒಣಗಿಸಿ, ಸಣ್ಣ ಪಟ್ಟಿಗಳಾಗಿ ಅಂಟಿಸಿದರೆ ಅದಕ್ಕೆ ಬರುವ ಹೊನ್ನಿನ ಹೊಳಪು ಬೇಗಡೆಗೂ ಬಾರದು. ಪತಂಗದ ತೆಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಹಾಕಿ ಬಿಚ್ಚಿದರೆ ಜಾಲರಿ ತಾನಾಗಿ ಅರಳುತ್ತದೆ. ತೆರೆದಾಗ ಚಿತ್ರ ಎದ್ದು ನಿಲ್ಲಬೇಕಾದರೆ ಇನ್ನೊಂದು ಉಪಾಯವುಂಟು. ಒಳಹಾಳೆಯ ಮಡಿಕೆಗೆ ಅಡ್ಡಲಾಗಿ ಸಮನಾದ ಎರಡು ಸೀಳುಗಳನ್ನು ಕೊಟ್ಟು, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ ಎದುರು ಮಡಿಸಿದರೆ ಒಂದು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲಿನ ಮುಖಕ್ಕೆ ಕಬ್ಬಿನ ಜಲ್ಲೆಯನ್ನೋ ಜೋಡೆತ್ತನ್ನೋ ಅಂಟಿಸಿದರೆ, ಕಾರ್ಡು ಬಿಚ್ಚಿದ ಕೂಡಲೆ ಅವು ಎದ್ದು ನಿಂತು ನೋಡುವವರನ್ನು ನಗಿಸುತ್ತವೆ.

ಮೂರನೆಯದು ಅಂಟು. ಮೈದಾ ಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಮಗುಚುತ್ತ ಕುದಿಸಿದರೆ ಹದವಾದ ಅಂಟಾಗುತ್ತದೆ. ಜಾಲಿಯ ಮರದಿಂದ ಒಸರುವ ಗೋಂದನ್ನು ನೀರಿನಲ್ಲಿ ನೆನೆಹಾಕಿದರೂ ಸರಿಯೆ. ಎರಡನ್ನೂ ತೆಳುವಾಗಿ, ನಡುವಿನಿಂದ ಅಂಚಿಗೆ ಬಳಿಯಬೇಕು. ಅಂಟಿಸಿದ ಕಾರ್ಡನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು, ಮೇಲೊಂದು ಭಾರ ಹೇರಿ, ಒಂದು ರಾತ್ರಿ ಅದರ ಗೊಡವೆಗೆ ಹೋಗಬಾರದು. ಎಲ್ಲಕ್ಕಿಂತ ಕಷ್ಟದ ಹಂತ ಇದೇ. ಮಕ್ಕಳಿಗೆ ಕತ್ತರಿಸುವ ತಾಳ್ಮೆ ಇರುತ್ತದೆ, ಅಂಟಿಸುವ ತಾಳ್ಮೆ ಇರುತ್ತದೆ. ಕಾಯುವ ತಾಳ್ಮೆ ಇರುವುದಿಲ್ಲ. ಹಸಿ ಇರುವಾಗಲೇ ತೆಗೆದರೆ ಹಾಳೆ ಸೊಟ್ಟಗಾಗುತ್ತದೆ.

ಕೊನೆಯದು ಕುಸುರೆಳ್ಳು. ಎಳ್ಳಿಗೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಹಾಕುತ್ತ, ಸಣ್ಣ ಬಿಸಿಯ ಮೇಲೆ ಬೆರಳಿನಿಂದ ಆಡಿಸುತ್ತ ಹೋದಂತೆ ಕಾಳಿನ ಸುತ್ತ ಬಿಳಿಯ ಮುಳ್ಳುಗಳು ಏಳುತ್ತವೆ. ಗಂಟೆಗಟ್ಟಲೆ ಕುಳಿತು ಮಾಡುವ ಈ ಕೆಲಸವನ್ನು ಬಲ್ಲ ತಾಯಂದಿರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಕಾರ್ಡಿನ ಒಳಮೈಗೆ ಬೆಣ್ಣೆಕಾಗದದ ಪುಟ್ಟ ಕಿಸೆಯೊಂದನ್ನು ಅಂಟಿಸಿ ಅದರಲ್ಲಿ ನಾಲ್ಕಾರು ಕಾಳು ಹಾಕಿ ಬಾಯಿ ಮುಚ್ಚುವುದು ಪದ್ಧತಿ. ಅಂಟು ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು. ಸಕ್ಕರೆ ತೇವವನ್ನು ಹೀರಿ ಮುದ್ದೆಯಾಗುವ ಸ್ವಭಾವದ್ದು. ಅಂಚೆಯ ಠಸ್ಸೆಯ ಪೆಟ್ಟಿಗೆ ಕಾಳುಗಳು ಪುಡಿಯಾಗುವುದೂ ಉಂಟು. ಹಾಗೆ ಪುಡಿಯಾಗಿ ಬಂದುದನ್ನು ಅಂಗೈಗೆ ಸುರುವಿಕೊಂಡು ನಾಲಿಗೆಗೆ ಹಚ್ಚಿಕೊಂಡವರು ಅದರ ರುಚಿ ಕಡಿಮೆಯಾಗಿತ್ತೆಂದು ಹೇಳಲಿಕ್ಕಿಲ್ಲ.

ಇಷ್ಟಾದರೆ ಕಾರ್ಡಿನ ಶರೀರ ಸಿದ್ಧವಾಯಿತು. ಬರೆಯಬೇಕಾದ ಮಾತು ಉಳಿಯಿತು. ಕನ್ನಡದ ಅಧ್ಯಾಪಕನಾದ ನನಗೆ ಹೆಚ್ಚಿನ ಚಿಂತೆ ಇರುವುದು ಇಲ್ಲಿ. ಕನ್ನಡದಲ್ಲಿ 'ಕಾಗದ' ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. ಹಾಳೆ ಇದ್ದ ಮೇಲೆ ಅದರಲ್ಲಿ ಮಾತು ಇರಲೇಬೇಕೆಂದು ಭಾಷೆಯೇ ಬಗೆದಂತಿದೆ. ಹಿಂದಿನವರಿಗೆ ಒಕ್ಕಣೆಯ ಆಸರೆಯಿದ್ದಿತು. ತಂದೆಗೆ 'ತೀರ್ಥರೂಪ', ಮಗನಿಗೆ 'ಚಿರಂಜೀವಿ', ಆಮೇಲೆ 'ಉಭಯಕುಶಲೋಪರಿ'. ಅಕ್ಷರ ಬಾರದವನು ಸಹ ಓದುಬಲ್ಲವನ ಮುಂದೆ ಕುಳಿತು ಹೇಳಿ ಬರೆಯಿಸುವಾಗ ಯಾರನ್ನು ಹೇಗೆ ಕರೆಯಬೇಕೆಂದು ತಡಕಾಡಬೇಕಾಗಿರಲಿಲ್ಲ. ಆ ಒಕ್ಕಣೆ ಈಗ ಹೋಯಿತು. ಅದರ ಸ್ಥಳಕ್ಕೆ ಅಚ್ಚಿನ ಕಾರ್ಡಿನ ಪ್ರಾಸಬದ್ಧ ಸಾಲುಗಳು ಬಂದವು. ಅವುಗಳ ಸ್ಥಳಕ್ಕೆ ಈಗ ಒಬ್ಬರಿಂದೊಬ್ಬರಿಗೆ ದಾಟುವ ಫೋನಿನ ಚಿತ್ರಗಳು ಬಂದಿವೆ. ಪಂಪನ ಕಾವ್ಯದ ಮೇಲೆ ಆರು ಪುಟ ಬರೆಯಬಲ್ಲ ವಿದ್ಯಾರ್ಥಿ, ತನ್ನ ಸೋದರತ್ತೆಗೆ ಸ್ವಂತದ ಒಂದು ವಾಕ್ಯ ಬರೆಯೆಂದರೆ ಪೆನ್ನು ಕಚ್ಚುತ್ತ ಕೂಡುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ನುಡಿಯ ಬೆಲೆಯನ್ನು ನಾಡಿಗೇ ತಿಳಿಸಿಕೊಟ್ಟ ಬಸವಣ್ಣನವರ ಬಾಗೇವಾಡಿ ಇಲ್ಲಿಗೆ ಹತ್ತಿರದಲ್ಲಿಯೇ ಇದೆ. ಆದರೂ ಆಪ್ತರಿಗೆ ಆಡುವ ಮಾತು ನಮಗೆ ಕಠಿಣವಾಗುತ್ತ ಬಂದಿದೆ.

ಈ ಸೀಮೆಯಲ್ಲಿ ಆ ಒಂದು ಮಾತಿಗೆ ಬೇರೆಡೆಗಿಂತ ಹೆಚ್ಚಿನ ತೂಕವುಂಟು. ಕಾರಣವನ್ನು ಹೊಳೆಯಲ್ಲಿ ಹುಡುಕಬೇಕು. ನಿಡಗುಂದಿಯ ಮಗ್ಗುಲಲ್ಲಿಯೇ ಆಲಮಟ್ಟಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲನ್ನಿರಿಸಿದರು. ಅವರ ಹೆಸರನ್ನೇ ಇಂದು ಆ ಜಲಾಶಯ ಹೊತ್ತಿದೆ. ನೀರು ನಿಲ್ಲುತ್ತ ಬಂದಂತೆ ದಂಡೆಯ ಹಳ್ಳಿಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು. ಬರಗಾಲದ ಜಿಲ್ಲೆಗೆ ನೀರು ಬಂದುದು ದೊಡ್ಡ ಭಾಗ್ಯವೇ. ಆ ಭಾಗ್ಯದ ಬೆಲೆಯಾಗಿ ಸಾವಿರಾರು ಮನೆತನಗಳು ಪುನರ್ವಸತಿ ಕೇಂದ್ರಗಳಿಗೆ ಚದುರಿದವು. ಗೋಡೆಗೆ ಗೋಡೆ ಹಚ್ಚಿ ಬಾಳಿದವರು ಬೇರೆ ಬೇರೆ ಊರಿನವರಾದರು. ಪರಿಹಾರದ ಹಣ ಬಂದ ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಅದೇ ಗೋಡೆಯಾಯಿತು. ಸಂಕ್ರಮಣಕ್ಕೆ ಬುತ್ತಿ ಕಟ್ಟಿಕೊಂಡು, ಸಜ್ಜಿಯ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಹೊತ್ತುಕೊಂಡು ಹೊಳೆಗೆ ಒಟ್ಟಾಗಿ ಹೋಗುತ್ತಿದ್ದ ಒಕ್ಕಲುಗಳಿಗೆ ಈಗ ಹೊಳೆಯ ದಂಡೆಯೇ ಬೇರೆಯಾಗಿದೆ, ಜೊತೆಗಾರರೂ ಬೇರೆಯಾಗಿದ್ದಾರೆ.

ಕಳೆದ ಸಂಕ್ರಮಣದ ಮುಂಚೆ ನಮ್ಮ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದೆ. ಪ್ರತಿಯೊಬ್ಬರೂ ಒಂದು ಕಾರ್ಡು ಮಾಡಬೇಕು. ಒಳಗೆ ಒಂದೇ ವಾಕ್ಯ ಬರೆಯಬೇಕು. ಆ ವಾಕ್ಯ ಬೇರೆ ಯಾರಿಗೂ ಒಪ್ಪಬಾರದು, ಯಾರಿಗೆ ಕಳಿಸುವರೋ ಅವರಿಗೆ ಮಾತ್ರ ಒಪ್ಪಬೇಕು. ವಿದ್ಯಾರ್ಥಿನಿಯೊಬ್ಬಳು ತನ್ನ ದೊಡ್ಡಪ್ಪನಿಗೆ ಕಾರ್ಡು ಮಾಡಿದಳು. ಪರಿಹಾರದ ಹಣದ ಮಾತಿನಿಂದ ಅವಳ ತಂದೆಗೂ ದೊಡ್ಡಪ್ಪನಿಗೂ ಎರಡು ವರ್ಷದಿಂದ ಮಾತು ನಿಂತಿದ್ದಿತು. ಅವಳು ಬರೆದುದು ಇಷ್ಟೇ: 'ದೊಡ್ಡಪ್ಪಾ, ನೀವಿಲ್ಲದ ಎರಡು ಸಂಕ್ರಮಣ ಆದವು; ಈ ಸಲ ಹೊಳಿಗೆ ಎಲ್ಲಾರೂ ಕೂಡೇ ಹೋಗೂಣ್ರಿ.' ಕೆಳಗೆ ತನ್ನ ಹೆಸರು. ಮುಖಪುಟದ ಮೇಲೆ ಜೋಳದ ದಂಟಿನ ಸಿಪ್ಪೆಯಿಂದ ಮಾಡಿದ ಒಂದು ಚಕ್ಕಡಿ. ಕಾರ್ಡನ್ನು ಒಳಕಲ್ಲಿನ ಗುಂಡಿನ ಕೆಳಗೆ ಒಣಗಲಿಟ್ಟು ಮಲಗಿದಳು. ಬೆಳಿಗ್ಗೆ ತೆಗೆದು ನೋಡಿದರೆ ಅವಳ ಹೆಸರಿನ ಕೆಳಗೆ ತಂದೆಯ ಸಹಿ ಇದ್ದಿತು. ಅವರು ರಾತ್ರಿ ಯಾವಾಗ ಎದ್ದರೋ, ಎಷ್ಟು ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕುಳಿತಿದ್ದರೋ, ಮಗಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರ್ಡನ್ನು ಅಂಚೆಯ ಡಬ್ಬಿಗೆ ಹಾಕಿದವರು ಮಾತ್ರ ತಂದೆಯೇ.

ಇದರ ಮುಂದಿನ ಕಥೆ ಆ ಮನೆಯವರದು. ಅದನ್ನು ಪತ್ರಿಕೆಯಲ್ಲಿ ಬರೆಯುವ ಅಧಿಕಾರ ನನಗಿಲ್ಲ. ನನ್ನ ಮನಸ್ಸನ್ನು ಹಿಡಿದುದು ಆ ರಾತ್ರಿಯ ಅವಧಿ. ಅದೇ ವಾಕ್ಯವನ್ನು ಅವಳು ಫೋನಿನಲ್ಲಿ ಕಳಿಸಿದ್ದರೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದೊಡ್ಡಪ್ಪನನ್ನು ತಲುಪುತ್ತಿತ್ತು. ನಡುವೆ ತಂದೆಗೆ ಎಡೆಯಿರುತ್ತಿರಲಿಲ್ಲ. ಅಂಟು ಒಣಗಬೇಕಾದ್ದರಿಂದ ಮಾತು ಒಂದು ರಾತ್ರಿ ಮನೆಯಲ್ಲಿಯೇ ತಂಗಬೇಕಾಯಿತು. ತಂಗಿದ ಮಾತಿನ ಮುಂದೆ ಇನ್ನೊಬ್ಬರು ನಿಂತು ಯೋಚಿಸಲು ಸಾಧ್ಯವಾಯಿತು. ಹೆನ್ರಿ ಕೋಲನು ವೇಳೆ ಉಳಿಸಲೆಂದು ಕಾರ್ಡು ಅಚ್ಚು ಹಾಕಿಸಿದನೆಂದು ಮೇಲೆ ಹೇಳಿದೆವಷ್ಟೆ. ಕೈಯಿಂದ ಮಾಡಿದ ಕಾರ್ಡಿನ ನಡೆ ಇದಕ್ಕೆ ತೀರ ಬೇರೆ. ಅದು ವೇಳೆಯನ್ನು ಬೇಡುತ್ತದೆ. ಹಾಗೆ ಕೊಟ್ಟ ವೇಳೆಯೇ ಅದರೊಳಗಿನ ಉಡುಗೊರೆ. ಇಷ್ಟೊಂದು ಹೊತ್ತು ಇವಳು ನನ್ನನ್ನು ನೆನೆದು ಕುಳಿತಿದ್ದಳೆಂಬುದು, ಒಂದಕ್ಷರ ಓದುವ ಮೊದಲೇ, ಕತ್ತರಿಸಿದ ಪ್ರತಿ ಅಂಚಿನಿಂದ ತಿಳಿಯುತ್ತದೆ. ಮಾತಿನಲ್ಲಿ ಹೇಳಲು ಸಂಕೋಚಪಡುವ ನಮ್ಮ ಒಕ್ಕಲುಮಕ್ಕಳಿಗೆ, ಕೈಯಿಂದ ಹೇಳುವ ಈ ದಾರಿ ಬಹಳ ಹೊಂದುತ್ತದೆ.

ಫೋನನ್ನು ಜರೆಯುವುದು ನನ್ನ ಉದ್ದೇಶವಲ್ಲ. ದುಡಿಯಲು ಹೋದ ಮಗನ ಮುಖವನ್ನು ದಿನಾಲು ಕಾಣುವ ಭಾಗ್ಯವನ್ನು ಅದೇ ನಮ್ಮ ತಾಯಂದಿರಿಗೆ ತಂದುಕೊಟ್ಟಿದೆ. ದಿನದ ಮಾತಿಗೆ ಅದು ಸಾಕು. ವರ್ಷಕ್ಕೊಮ್ಮೆ ಆಡಬೇಕಾದ ಮಾತಿಗೆ, ಆಡಲಾರದೆ ಉಳಿದ ಮಾತಿಗೆ, ಇನ್ನೊಂದು ಸಾಧನವೂ ಇರಲಿ ಎಂಬುದಷ್ಟೇ ನನ್ನ ವಿನಂತಿ. ಸಾಮಗ್ರಿಗೆ ದುಡ್ಡಿಲ್ಲವೆಂಬ ಮಾತನ್ನು ಸಹ ಒಪ್ಪಲಾಗದು. ಎರಡನೆಯ ಮಹಾಯುದ್ಧದಲ್ಲಿ ನಲುಗಿದ ಚೆಕೊಸ್ಲೊವಾಕಿಯದ ಹಳ್ಳಿಯೊಂದಕ್ಕೆ ಯುನಿಸೆಫ್ ಸಂಸ್ಥೆ ನೆರವಾದಾಗ, ಅಲ್ಲಿಯ ಯಿತ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಬಾಲಕಿ ಕೃತಜ್ಞತೆಗಾಗಿ ಚಿತ್ರ ಬರೆದಳು. ಕಾಗದ ಸಿಗದೆ ಗಾಜಿನ ತುಂಡಿನ ಮೇಲೆ ಬರೆದಳು. ಆ ಚಿತ್ರವೇ 1949ರಲ್ಲಿ ಯುನಿಸೆಫಿನ ಮೊದಲ ಶುಭಾಶಯ ಪತ್ರವಾಯಿತು. ನಮ್ಮ ಶಾಲೆಗಳಲ್ಲಿ ಕಾಗದಕ್ಕಂತೂ ಬರವಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಬರುವ ಜನವರಿಯಲ್ಲಿ, ಹಬ್ಬಕ್ಕೆ ಹತ್ತು ದಿನವಿರುವಾಗ, ಕನ್ನಡದ ಒಂದು ತಾಸನ್ನು ಕತ್ತರಿ-ಅಂಟುಗಳಿಗೆ ಬಿಟ್ಟುಕೊಡಿರಿ. ಮೊದಲ ದಿನ ಹಾಳೆ ಮಡಿಸಿ ಅಂಟಿಸಲಿ. ಎರಡನೆಯ ದಿನ, ಒಣಗಿದ ಕಾರ್ಡನ್ನು ಎದುರಿಗಿಟ್ಟುಕೊಂಡು ಒಂದು ವಾಕ್ಯ ಬರೆಯಲಿ. ಕಾಗುಣಿತವನ್ನು ತಿದ್ದಿರಿ, ವಾಕ್ಯವನ್ನು ತಿದ್ದಬೇಡಿರಿ. ಮನೆಯ ಮಾತಿನಲ್ಲಿ ಬರೆದರೆ ಹಾಗೆಯೇ ಇರಲಿ. ವಿಳಾಸವನ್ನು ಪಿನ್ ಕೋಡಿನೊಡನೆ ಪೂರ್ತಿಯಾಗಿ ಬರೆಯುವುದನ್ನು ಇದೇ ನೆಪದಲ್ಲಿ ಕಲಿಸಿರಿ. ಪುನರ್ವಸತಿ ಕೇಂದ್ರಕ್ಕೆ ಹೋಗುವ ಕಾರ್ಡಾದರೆ ಮುಳುಗಿದ ಊರಿನ ಹೆಸರನ್ನೂ ಆವರಣದಲ್ಲಿ ಬರೆಯಿಸಿರಿ. ಕಿಸೆಯಲ್ಲಿ ಕುಸುರೆಳ್ಳು ಇದ್ದರೆ ಲಕೋಟೆ ತುಸು ಉಬ್ಬುತ್ತದೆ. ಅಂಚೆಯ ಕಚೇರಿಯಲ್ಲಿ ತೂಕ ಮಾಡಿಸಿ, ಸಾಲುವಷ್ಟು ತಿಕೀಟು ಹಚ್ಚಿ, ಠಸ್ಸೆಯನ್ನು ಮೆಲ್ಲಗೆ ಒತ್ತಿರೆಂದು ಕೇಳಿಕೊಳ್ಳುವುದೊಳ್ಳೆಯದು.